ಗಾಜಿನ ಪೆಟ್ಟಿಗೆಯ ಮೀನುಗಳು ಸತ್ತದ್ದೇಕೆ?

ವಿಜ್ಞಾನದ ವಿಷಯವನ್ನು ಕುರಿತು ಬರೆಯಲು ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಅಧಿಕಾರವೇನೆಂದು ವಾಚಕರು ಕೇಳಬಹುದು. ಹನ್ನೆರಡು ಮೀನುಗಳಲ್ಲಿ ಹನ್ನೊಂದನ್ನು ಎರಡು ವಾರದೊಳಗೆ ಕೊಂದ ಅನುಭವವೇ ನನ್ನ ಅಧಿಕಾರ. ಚರಿತ್ರೆಯ ವಿದ್ಯಾರ್ಥಿಯು ಸಾವುಗಳ ಕಾರಣವನ್ನು ಹುಡುಕುವುದು ತಪ್ಪಲ್ಲವೆಂದು ಭಾವಿಸಿ ಈ ಲೇಖನಕ್ಕೆ ಕೈಹಾಕಿದ್ದೇನೆ.

ನಮ್ಮ ಮನೆ ಮಾಲೂರಿನಲ್ಲಿ. ತಂದೆಯವರು ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಾರೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದ್ದರಿಂದ ರೇಷನ್ ಕಾರ್ಡಿನ ತಿದ್ದುಪಡಿಯಿಂದ ಹಿಡಿದು ಅಜ್ಜಿಯ ಮಂಡಿನೋವಿನವರೆಗೆ ಎಲ್ಲ ಪ್ರಶ್ನೆಗಳೂ ನನ್ನ ಬಳಿಗೇ ಬರುತ್ತವೆ. ಕಳೆದ ಮಾರ್ಚ್ ತಿಂಗಳಿನಲ್ಲಿ ವಿದ್ಯಾರ್ಥಿವೇತನ ಬಂದಾಗ, ಏಳನೆಯ ತರಗತಿಯಲ್ಲಿ ಓದುವ ತಮ್ಮನಿಗೆ ಬಹುದಿನದಿಂದ ಕೊಟ್ಟಿದ್ದ ಮಾತಿನಂತೆ, ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ಪೆಟ್ಟಿಗೆಯೊಂದನ್ನು ತಂದೆ. ಜೊತೆಗೆ ಗಾಳಿಯ ಪಂಪು, ಸ್ಪಂಜಿನ ಫಿಲ್ಟರು, ಬಣ್ಣದ ಕಲ್ಲುಗಳು. ನಾಲ್ಕು ಗೋಲ್ಡ್‌ಫಿಶ್, ಎರಡು ಏಂಜಲ್, ಆರು ಗಪ್ಪಿ. ಸಂಜೆ ಟ್ಯಾಂಕರಿನ ನೀರು ತುಂಬಿಸಿ, ಅಂದೇ ಮೀನು ಬಿಟ್ಟೆವು. ಇಡೀ ಬೀದಿಯ ಮಕ್ಕಳು ಬಂದು ನೋಡಿದರು.

ಐದು ದಿನ ಸುಖವಾಗಿ ಕಳೆದವು. ಆರನೆಯ ದಿನ ಎಲ್ಲ ಮೀನುಗಳೂ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಹಸಿವೆಂದು ಭಾವಿಸಿ ತಮ್ಮ ಇನ್ನಷ್ಟು ಆಹಾರ ಹಾಕಿದ. ಏಳನೆಯ ದಿನ ಎರಡು ಗೋಲ್ಡ್‌ಫಿಶ್ ಸತ್ತವು. ರೋಗವೆಂದು ಬಗೆದು ನಾನು ಅಂಗಡಿಯಿಂದ ಮಿಥಿಲೀನ್ ಬ್ಲೂ ಎಂಬ ನೀಲಿ ಔಷಧವನ್ನು ತಂದು ಸುರಿದೆ. ಮರುದಿನ ಮೂರು ಸತ್ತವು. ಆಮೇಲೆ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ತಿಕ್ಕಿ, ಸ್ಪಂಜನ್ನು ಹಿಂಡಿ ಬಿಸಿಲಿಗೆ ಒಣಹಾಕಿ, ಹೊಸ ನೀರು ತುಂಬಿದೆ. ಇಷ್ಟು ಶುಚಿಯಾದ ಮೇಲೆ ರೋಗವೆಲ್ಲಿಯದು ಎಂದುಕೊಂಡೆ. ಐದು ದಿನದೊಳಗೆ ಆರು ಮೀನುಗಳು ಹೋದವು. ಉಳಿದದ್ದು ಒಂದು ಗಪ್ಪಿ. ಅಮ್ಮ, ಬೀದಿಯ ಮಕ್ಕಳ ದೃಷ್ಟಿ ತಾಕಿತೆಂದಳು. ತಮ್ಮ ಏನೂ ಹೇಳಲಿಲ್ಲ; ಅದೇ ನನಗೆ ಹೆಚ್ಚು ನೋವಾಯಿತು.

ತಂದೆಯವರು ಮಾತ್ರ ಒಂದು ಪ್ರಶ್ನೆ ಹಾಕಿದರು. ಅವರು ಹುಟ್ಟಿದ್ದು ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿ. 1990ರ ದಶಕದಲ್ಲಿ ಮಲೇರಿಯಾ ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನಮ್ಮ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ ಗಪ್ಪಿ ಮೀನುಗಳನ್ನು ಬಿಟ್ಟಿದ್ದರು. ಅದನ್ನು ನೆನೆದು ಅವರು, “ಬಾವೀಲಿದ್ದ ಮೀನಿಗೆ ಯಾರೂ ಊಟ ಹಾಕ್ಲಿಲ್ಲ, ಔಷಧಿ ಹಾಕ್ಲಿಲ್ಲ, ವರ್ಷಗಟ್ಲೆ ಬದುಕಿದ್ವು. ನಿನ್ ಪೆಟ್ಟಿಗೇಲಿ ಯಾಕ್ ಸತ್ತೋದ್ವು? ಓದ್ಕೊಂಡಿರೋನು ನೀನೇ ಅಲ್ವಾ, ಹೇಳಪ್ಪ” ಎಂದರು. ಹಾಸ್ಯವಾಗಿ ಕೇಳಿದ್ದಲ್ಲ, ನಿಜವಾಗಿಯೇ ತಿಳಿಯಬೇಕೆಂದು ಕೇಳಿದ್ದು. ನನ್ನ ಬಳಿ ಉತ್ತರವಿರಲಿಲ್ಲ.

ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಷ್ಟ್ರ ಬಳಿಗೆ ಎರಡು ಬಾಟಲಿಗಳಲ್ಲಿ ನೀರು ಒಯ್ದೆ. ಒಂದು ಪೆಟ್ಟಿಗೆಯದು, ಇನ್ನೊಂದು ಟ್ಯಾಂಕರಿನದು. ಅವರು ಎರಡಕ್ಕೂ ಪರೀಕ್ಷೆಯ ಹನಿಗಳನ್ನು ಹಾಕಿದರು. ಅಮೋನಿಯ ಇಲ್ಲದಿದ್ದರೆ ನೀರು ಹಳದಿಯಾಗಿ ನಿಲ್ಲಬೇಕು. ಟ್ಯಾಂಕರಿನ ನೀರು ಹಾಗೆಯೇ ನಿಂತಿತು. ಪೆಟ್ಟಿಗೆಯ ನೀರು ಹಸುರಾಯಿತು. “ನಿನ್ನ ಮೀನುಗಳಿಗೆ ರೋಗ ಬಂದಿರಲಿಲ್ಲವಯ್ಯ, ನೀರಿಗೆ ಬಂದಿತ್ತು” ಎಂದರು.

ಅವರು ತಿಳಿಸಿದ್ದನ್ನೂ ಆಮೇಲೆ ನಾನು ಓದಿದ್ದನ್ನೂ ಸೇರಿಸಿ ಹೇಳುತ್ತೇನೆ. ಮೀನು ತಿಂದ ಆಹಾರದ ಸಾರಜನಕವು ಬಹುಪಾಲು ಅದರ ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಬರುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅದೇ. ಅಮೋನಿಯ ವಿಷ. ಕೆರೆಬಾವಿಗಳಲ್ಲಿ ಕಲ್ಲು, ಕೆಸರು, ಪಾಚಿಗಳಿಗೆ ಅಂಟಿಕೊಂಡು ಬದುಕುವ ಒಂದು ಬಗೆಯ ಅಣುಜೀವಿಗಳು ಇದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಅಷ್ಟು ಅಪಾಯಕಾರಿಯಲ್ಲ, ಗಿಡಗಳಿಗೆ ಗೊಬ್ಬರ. ಮಣ್ಣಿನಲ್ಲಿ ಈ ಕೆಲಸ ಮಾಡುವ ಜೀವಿಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವನು ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಹೊಲಕ್ಕೆ ಹಾಕಿದ ಗೊಬ್ಬರ ಬೆಳೆಗೆ ದಕ್ಕುವುದರಲ್ಲೂ ಇವುಗಳ ಪಾತ್ರವಿದೆ ಎಂದರೆ ರೈತರ ಮಕ್ಕಳಾದ ನಮ್ಮಲ್ಲಿ ಹಲವರಿಗೆ ಅರ್ಥವಾದೀತು.

ಹೊಸ ಪೆಟ್ಟಿಗೆಯಲ್ಲಿ ಈ ಅಣುಜೀವಿಗಳು ಇಲ್ಲವೆನ್ನುವಷ್ಟು ಕಡಮೆ. ಅವು ಬೆಳೆದು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾನು ಅದೇ ಸಂಜೆ ಹನ್ನೆರಡು ಮೀನು ಬಿಟ್ಟಿದ್ದೆ. ಅಮೋನಿಯ ದಿನದಿನಕ್ಕೆ ಸೇರುತ್ತ ಹೋಯಿತು, ಕರಗಿಸುವವರಿರಲಿಲ್ಲ. ನೀಲಿ ಔಷಧವು ಆಗತಾನೆ ಕಣ್ಣುಬಿಡುತ್ತಿದ್ದ ಅಣುಜೀವಿಗಳಿಗೂ ಹಾನಿ ಮಾಡಿತು. ಅಳಿದುಳಿದವು ಸ್ಪಂಜಿನ ಜೊತೆಗೆ ಬಿಸಿಲಿನಲ್ಲಿ ಒಣಗಿದವು. ಅಂದರೆ ನನ್ನ ಶುಚಿತ್ವವೇ ಎರಡನೆಯ ಸಲ ಕೊಂದಿತು.

ಬಾವಿಯ ಲೆಕ್ಕ ಬೇರೆ. ಅಲ್ಲಿ ಸಾವಿರಾರು ಲೀಟರು ನೀರು, ಸುತ್ತಲೂ ಪಾಚಿ ಹಿಡಿದ ಕಲ್ಲಿನ ಗೋಡೆ, ಆಹಾರವು ಸೊಳ್ಳೆಮರಿ ಸಿಕ್ಕಿದಷ್ಟೇ. ನನ್ನಲ್ಲಿ ನಲವತ್ತೈದು ಲೀಟರು ನೀರು, ಹನ್ನೆರಡು ಮೀನು, ದಿನಕ್ಕೆ ನಾಲ್ಕು ಹೊತ್ತು ಊಟ.

ನಮ್ಮ ಸೀಮೆಯವರು ಇನ್ನೊಂದು ಮಾತನ್ನು ಗಮನಿಸಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಮನೆಗೆ ಬರುವುದು ಹೆಚ್ಚಾಗಿ ಸಾವಿರ ಅಡಿ ದಾಟಿದ ಕೊಳವೆಬಾವಿಯ ಗಡಸು ನೀರು. ಮೇಷ್ಟ್ರು ಅಳೆದಾಗ ನಮ್ಮ ಟ್ಯಾಂಕರಿನ ನೀರಿನ ಪಿ.ಎಚ್. 8ನ್ನು ದಾಟಿತ್ತು. ನೀರು ಕ್ಷಾರವಾದಷ್ಟೂ ಅಮೋನಿಯದ ವಿಷರೂಪ ಹೆಚ್ಚು. 25 ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದರೆ ನೂರರಲ್ಲಿ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ; 8 ಇದ್ದರೆ ಸುಮಾರು ಐದು ಪಾಲು; 9 ಇದ್ದರೆ ಮೂರನೆಯ ಒಂದು ಭಾಗಕ್ಕೂ ಮಿಕ್ಕು. ಸೆಕೆ ಏರಿದರೆ ಇದೂ ಏರುತ್ತದೆ. ಅದರ ಮೇಲೆ, ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟೇ ಹಿಡಿಯುತ್ತದೆ. ಮಾರ್ಚ್ ತಿಂಗಳಿನ ಮಧ್ಯಾಹ್ನ ಕರೆಂಟು ಹೋಗಿ ಪಂಪು ನಿಂತರೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಮೀನುಗಳು ಇದ್ದಕ್ಕಿದ್ದಂತೆ ಸಾಯತೊಡಗಿದರೆ ಏನು ಮಾಡಬೇಕು? ಮೊದಲು ಕೈಕಟ್ಟಿ ನಿಂತು ನೋಡಬೇಕು. ಎಲ್ಲವೂ ಏಕಕಾಲಕ್ಕೆ ಮೇಲೆ ಬಂದು ಏದುಸಿರು ಬಿಡುತ್ತಿದ್ದರೆ ತಪ್ಪು ನೀರಿನದೆಂದೇ ತಿಳಿಯಬೇಕು. ಆಹಾರವನ್ನು ನಿಲ್ಲಿಸಬೇಕು, ಎರಡು ದಿನದ ಉಪವಾಸದಿಂದ ಆರೋಗ್ಯವಾದ ದೊಡ್ಡ ಮೀನು ಸಾಯುವುದಿಲ್ಲ. ಸತ್ತದ್ದನ್ನು ಕೂಡಲೇ ತೆಗೆಯಬೇಕು. ಮೂರನೆಯ ಒಂದು ಭಾಗದಷ್ಟು ನೀರನ್ನು ತೆಗೆದು ಅಷ್ಟೇ ಉಷ್ಣತೆಯ ಹೊಸ ನೀರನ್ನು ನಿಧಾನವಾಗಿ ಸೇರಿಸಬೇಕು, ಮರುದಿನವೂ ಹಾಗೆಯೇ. ಪುರಸಭೆಯ ನಲ್ಲಿಯ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ; ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಹೈಪೋ ಹರಳು ಆ ಕೆಲಸ ಮಾಡುತ್ತದೆ. ಕರೆಂಟಿಲ್ಲದಿದ್ದರೆ ಚೊಂಬಿನಿಂದ ಪೆಟ್ಟಿಗೆಯ ನೀರನ್ನೇ ಎತ್ತಿ ಎತ್ತಿ ಮೇಲಿನಿಂದ ಸುರಿಯಬೇಕು. ನೈಟ್ರೈಟ್ ಹೆಚ್ಚಾದಾಗ ಮೀನಿನ ರಕ್ತ ಕಂದುಬಣ್ಣಕ್ಕೆ ತಿರುಗಿ ಆಮ್ಲಜನಕವನ್ನು ಹೊರಲಾರದು. ಗಪ್ಪಿ, ಗೋಲ್ಡ್‌ಫಿಶ್‌ಗಳಿಗಾದರೆ ಹತ್ತು ಲೀಟರಿಗೆ ಒಂದು ಟೀ ಚಮಚದಷ್ಟು ಕಲ್ಲುಪ್ಪನ್ನು ಕರಗಿಸಿ ಹಾಕಿದರೆ ಅದು ತಡೆಯುತ್ತದೆ. ಸ್ಪಂಜನ್ನು ಮಾತ್ರ ನಲ್ಲಿಯ ಕೆಳಗೆ ತೊಳೆಯಕೂಡದು. ಪೆಟ್ಟಿಗೆಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು.

ನಿಜವಾದ ರೋಗಗಳಿಲ್ಲವೆಂದಲ್ಲ. ಮೈಮೇಲೆ ಉಪ್ಪು ಎರಚಿದಂತೆ ಬಿಳಿ ಚುಕ್ಕೆಗಳು ಬಂದರೆ ಅದೊಂದು ಪರೋಪಜೀವಿ. ಅದು ಚರ್ಮದೊಳಗಿರುವಾಗ ಔಷಧ ತಾಕದು, ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಸಾಯುತ್ತದೆ. ಆದಕಾರಣ ಒಂದು ದಿನದ ಔಷಧ ವ್ಯರ್ಥ, ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಮುಂದುವರಿಸಬೇಕು. ಹೊಸ ಮೀನನ್ನು ಎರಡು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡುವವರಿಗೆ ಈ ಕಷ್ಟ ಕಡಮೆ.

ಪೆಟ್ಟಿಗೆಯ ಈ ಲೆಕ್ಕ ಕೆರೆಗೂ ಅನ್ವಯಿಸುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರಿ ನೀರಿನ ಆಮ್ಲಜನಕ ಕುಸಿದಿತ್ತು. 2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂದಿತು. ಮರುತಿಂಗಳೇ ನೊರೆ ಕಂಡು, ಹೈಕೋರ್ಟು ಕೆಲಕಾಲ ಅದನ್ನು ತಡೆಯಿತು. ಒಣಗಿದ್ದ ಕೆರೆಗಳು ತುಂಬಿದ್ದು ನನಗೂ ಸಂತೋಷವೇ. ಆದರೆ ಕೆರೆ ತುಂಬಿತೇ ಎಂದು ಕೇಳುವಷ್ಟೇ ಗಟ್ಟಿಯಾಗಿ, ತುಂಬಿದ ನೀರಿನಲ್ಲಿ ಏನಿದೆ ಎಂದೂ ಕೇಳಬೇಕೆಂದು ನನ್ನ ಅಭಿಪ್ರಾಯ.

ಬಾವಿಯ ಲೆಕ್ಕವನ್ನು ತಂದೆಯವರಿಗೆ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಗಾದ್ರೆ ಅವಸರ ಮಾಡಿದ್ದೇ ತಪ್ಪು” ಎಂದರು. ಉಳಿದ ಒಂದು ಗಪ್ಪಿಯೊಂದಿಗೆ ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟೆವು. ಮೇಷ್ಟ್ರು ತಮ್ಮ ಮನೆಯ ಹಳೆಯ ತೊಟ್ಟಿಯ ಸ್ಪಂಜಿನಿಂದ ಒಂದು ತುಂಡು ಕೊಟ್ಟರು. ಅದರಲ್ಲಿ ಅಣುಜೀವಿಗಳು ಸಿದ್ಧವಾಗಿಯೇ ಇದ್ದವು. ತಮ್ಮ ಕ್ಯಾಲೆಂಡರಿನ ಹಿಂಬದಿಯಲ್ಲಿ ಪರೀಕ್ಷೆಯ ಬಣ್ಣಗಳನ್ನು ದಿನಾಂಕ ಹಾಕಿ ಬರೆದಿಟ್ಟ. ಅಮೋನಿಯವೂ ನೈಟ್ರೈಟೂ ಇಲ್ಲದ ದಿನ ಬಂದಾಗ ಶಾಲೆಯಿಂದ ಓಡಿಬಂದು ಮೊದಲು ತಿಳಿಸಿದ್ದು ತಂದೆಯವರಿಗೆ.

ಆ ಗಪ್ಪಿ ಹೆಣ್ಣಾಗಿತ್ತು. ಗಪ್ಪಿಗಳು ಮೊಟ್ಟೆಯಿಡದೆ ಮರಿಹಾಕುತ್ತವೆ. ಗಂಡು ಸತ್ತ ಮೇಲೂ ಹಿಂದಿನ ಕೂಡಿಕೆಯಿಂದಲೇ ಹೆಣ್ಣು ಹಲವು ಸಲ ಮರಿಹಾಕಬಲ್ಲದು. ಈಗ ಪೆಟ್ಟಿಗೆಯಲ್ಲಿ ಹದಿನೇಳು ಮರಿಗಳಿವೆ, ಸ್ಥಳ ಸಾಲದು. ಕೆರೆಗೆ ಬಿಡುವ ಹಾಗಿಲ್ಲ. ಹೊರಗಿನ ಮೀನು ಅಲ್ಲಿಯ ಮೀನುಗಳಿಗೆ ಕಂಟಕ. ಸಹಪಾಠಿಗಳಲ್ಲಿ ಬೇಕಾದವರು ನನ್ನನ್ನು ಕೇಳಬಹುದು. ಅವರ ಪೆಟ್ಟಿಗೆಗೆ ನೀರು ತುಂಬಿ ಎಷ್ಟು ವಾರವಾಯಿತೆಂದು ನಾನು ಮೊದಲು ವಿಚಾರಿಸುತ್ತೇನೆ.