ಟರ್ಬೊ ಹೋಗಿದೆ ಅಂದ್ರು, ಹೋಗಿದ್ದು ಒಂದು ಸ್ಟಡ್

ನಮ್ಮ ಮಾವ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಇರೋದು. ಅವರ ಹತ್ರ ಒಂದು ಟರ್ಬೊ ಡೀಸೆಲ್ ವ್ಯಾನ್ ಇದೆ. ಬೆಳಿಗ್ಗೆ ಸಂಜೆ ಸ್ಕೂಲ್ ಮಕ್ಕಳು, ಮಧ್ಯದಲ್ಲಿ ಮದುವೆ, ಜಾತ್ರೆ ಬಾಡಿಗೆ. ಮನೆ ನಡೆಯೋದು ಅದರಿಂದಲೇ. ಕಳೆದ ರಜೆಯಲ್ಲಿ ನಾನು ಹೋದಾಗ ವ್ಯಾನಿನಿಂದ ಒಂದು ಹೊಸ ಶಬ್ದ ಬರ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ "ಟಿಕ್ ಟಿಕ್ ಟಿಕ್". ಸ್ವಲ್ಪ ದೂರ ಓಡಿದ ಮೇಲೆ ಕಡಿಮೆ ಆಗೋದು. ಏರು ಬಂದ್ರೆ ಮತ್ತೆ "ಚಫ್ ಚಫ್" ಅಂತ ಜೋರು, ಪಿಕಪ್ಪೂ ಕಡಿಮೆ. ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ, ಎರಡು ಸಲ ರೇಸ್ ಮಾಡಿ ಕೇಳಿ, "ಟರ್ಬೊ ಹೋಗೈತೆ, ಬದಲಾಯಿಸಬೇಕು" ಅಂದುಬಿಟ್ಟಿದ್ರು. ಮಾವ ಸಾಲಕ್ಕೆ ಯಾರನ್ನ ಕೇಳೋದು ಅಂತ ಲೆಕ್ಕ ಹಾಕ್ತಾ ಕೂತಿದ್ರು.

"ಲೇ, ನೀನು ಇಂಜಿನಿಯರಿಂಗ್ ಓದ್ತೀಯಲ್ಲ, ನೋಡು ಬಾ ಏನಾಗೈತೆ ಅಂತ" ಅಂದ್ರು. ನಾನು ಎರಡನೇ ವರ್ಷ. ಥರ್ಮೋಡೈನಮಿಕ್ಸ್‌ನಲ್ಲಿ ಡೀಸೆಲ್ ಸೈಕಲ್‌ನ ಪಿ-ವಿ ಡಯಾಗ್ರಾಮ್ ಬರೀತೀನಿ, ಬಾನೆಟ್ ಎತ್ತಿ ನೋಡಿದ್ದು ಬಹಳ ಕಡಿಮೆ. ಆದರೂ ಹಾಗಂತ ಹೇಳಕ್ಕೆ ಮರ್ಯಾದೆ ಪ್ರಶ್ನೆ.

ಮೊದಲು ಹೊಗೆ ಹೋಗೋ ದಾರಿ ಗೊತ್ತಿರಬೇಕು. ಸಿಲಿಂಡರ್‌ನಿಂದ ಹೊರಬಂದ ಬಿಸಿ ಗ್ಯಾಸ್ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಬರುತ್ತೆ. ಅಲ್ಲಿಂದ ಟರ್ಬೊದ ಟರ್ಬೈನ್ ತಿರುಗಿಸಿ, ಪೈಪ್, ಸೈಲೆನ್ಸರ್ ದಾಟಿ ಹಿಂದೆ ಹೋಗುತ್ತೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯಲ್ಲಿರೋ ಕಂಪ್ರೆಸರ್ ಹೊಸ ಗಾಳಿಯನ್ನು ಒತ್ತಿ, ಇಂಟರ್‌ಕೂಲರ್ ಮೂಲಕ ಇಂಜಿನ್‌ಗೆ ಕಳಿಸುತ್ತೆ. ಈ ದಾರಿಯಲ್ಲಿ ಎಲ್ಲಿ ಬೇಕಾದ್ರೂ ಶಬ್ದ ಹುಟ್ಟಬಹುದು. ಆದರೆ ಎಲ್ಲ ಕಡೆ ಒಂದೇ ಥರ ಶಬ್ದ ಬರಲ್ಲ.

ಟರ್ಬೊದ ಶಾಫ್ಟ್ ಲೋಡ್‌ನಲ್ಲಿ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತೆ. ಅಂದ್ರೆ ಸೆಕೆಂಡಿಗೆ ಸಾವಿರದ ಆರುನೂರಕ್ಕೂ ಹೆಚ್ಚು. ಅದರ ಬೇರಿಂಗ್ ಹೋದ್ರೆ ಸೈರನ್ ಥರ "ಊಂಯ್" ಅಂತ ಸ್ವರ ಏರುತ್ತೆ, ಟಿಕ್ ಟಿಕ್ ಅನ್ನಲ್ಲ. ಕಂಪ್ರೆಸರ್ ಆಚೆಗಿನ ರಬ್ಬರ್ ಹೋಸ್ ಹರಿದಿದ್ರೆ "ಸ್ಸ್" ಅನ್ನುತ್ತೆ, ಅದೂ ಲೋಡ್‌ನಲ್ಲಿ ಮಾತ್ರ. ಸೈಲೆನ್ಸರ್ ಒಳಗಿನ ತಗಡು ಬಿಟ್ಟಿದ್ರೆ, ಇಂಜಿನ್ ತಣ್ಣಗಿರೋವಾಗ ಕೈಯಲ್ಲಿ ಗುದ್ದಿದ್ರೇ "ಲೊಡ ಲೊಡ" ಕೇಳುತ್ತೆ.

ಈಗ ನಮ್ಮ ಟಿಕ್ ಟಿಕ್. ಫೋನ್‌ನಲ್ಲಿ ಐಡ್ಲಿಂಗ್ ಶಬ್ದ ರೆಕಾರ್ಡ್ ಮಾಡಿ, ನಿಧಾನ ಮಾಡಿ ಎಣಿಸಿದೆ. 5 ಸೆಕೆಂಡಿಗೆ 35 ಟಿಕ್, ಅಂದ್ರೆ ಸೆಕೆಂಡಿಗೆ 7. ಆರ್‌ಪಿಎಂ ಮುಳ್ಳು 800ಕ್ಕಿಂತ ಸ್ವಲ್ಪ ಮೇಲಿತ್ತು. 840 ಅಂತ ಇಟ್ಟುಕೊಳ್ಳಿ, ಸೆಕೆಂಡಿಗೆ 14 ಸುತ್ತು. ನಾಲ್ಕು ಸ್ಟ್ರೋಕ್ ಇಂಜಿನ್‌ನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತೆ. ಅಂದ್ರೆ ಸೆಕೆಂಡಿಗೆ 7! ನಾಲ್ಕೂ ಸಿಲಿಂಡರಿನ ಗ್ಯಾಸ್ ಸೇರಿದ ಮೇಲೆ ಪೈಪ್ ಎಲ್ಲಾದ್ರೂ ಒಡೆದಿದ್ದಿದ್ರೆ 28 ಬರಬೇಕಿತ್ತು. ಹಾಗಾಗಿ ತೊಂದರೆ ಇರೋದು ಒಂದೇ ಸಿಲಿಂಡರ್ ಹತ್ರ, ಗ್ಯಾಸ್ ಎಲ್ಲ ಸೇರೋಕೆ ಮುಂಚೆ. ನಿಜ ಹೇಳ್ಬೇಕು ಅಂದ್ರೆ ಈ ಲೆಕ್ಕ ಸರಿ ಬಂದಾಗ ಸೆಮಿಸ್ಟರ್ ರಿಸಲ್ಟ್‌ಗಿಂತ ಜಾಸ್ತಿ ಖುಷಿ ಆಯ್ತು.

ಆದರೆ ಅವಸರ ಪಟ್ಟು ನಾನೂ ತಪ್ಪು ಮಾಡಿದೆ. "ಮಾವ, ಇಂಜೆಕ್ಟರ್ ಹೋಗಿದೆ" ಅಂದೆ. ಯಾಕಂದ್ರೆ ಇಂಜೆಕ್ಟರ್ ನಾಕ್ ಆದ್ರೂ ಸೆಕೆಂಡಿಗೆ 7 ಸಲವೇ, ವಾಲ್ವ್ ಟ್ಯಾಪೆಟ್ ಸಡಿಲ ಆದ್ರೂ 7 ಸಲವೇ. ಎಣಿಕೆ ಯಾವ ಸಿಲಿಂಡರಿಗೂ ಹೊಂದುತ್ತೆ, ಯಾವ ಭಾಗ ಅಂತ ಹೇಳಲ್ಲ. ಮಾವನೇ ತಿದ್ದಿದ್ರು: "ಇಂಜೆಕ್ಟರ್ ಆಗಿದ್ರೆ ಬಿಸಿ ಆದ ಮೇಲೆ ಯಾಕೆ ಕಡಿಮೆ ಆಗ್ತೈತೆ?" ಈ ಒಂದು ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಡ್ರೈವಿಂಗ್ ಮಾಡೋರು ಶಬ್ದದ ಜೊತೆಗೆ ಅದು ಬರೋ ಸಂದರ್ಭವನ್ನೂ ನೆನಪಿಟ್ಟಿರ್ತಾರೆ. ತಣ್ಣಗಿದ್ದಾಗ ಜೋರು, ಬಿಸಿ ಆದಾಗ ಮೆತ್ತಗೆ, ಲೋಡ್ ಬಿದ್ರೆ ಮತ್ತೆ ಜೋರು. ಬಿಸಿಯಾದಾಗ ಲೋಹ ಹಿಗ್ಗಿ ಸಂದು ಮುಚ್ಚುತ್ತೆ, ಲೋಡ್‌ನಲ್ಲಿ ಒತ್ತಡ ಹೆಚ್ಚಾಗಿ ಗ್ಯಾಸ್ ಮತ್ತೆ ದಾರಿ ಮಾಡ್ಕೊಳ್ಳುತ್ತೆ. ಮೂರೂ ಹೊಂದೋದು ಮ್ಯಾನಿಫೋಲ್ಡ್ ಲೀಕ್‌ಗೆ.

(ಇಲ್ಲಿ ಒಂದು ಎಚ್ಚರಿಕೆ. ಯಾವ ಸಿಲಿಂಡರ್ ಅಂತ ನೋಡೋಕೆ ಹಳೇ ಮೆಕ್ಯಾನಿಕ್‌ಗಳು ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡ್ತಿದ್ರು. ಕಾಮನ್ ರೈಲ್ ಇಂಜಿನ್‌ನಲ್ಲಿ ಹಾಗೆ ಮಾಡಲೇಬೇಡಿ. ಅಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ದಾಟುತ್ತೆ, ಚರ್ಮ ತೂರಿ ಒಳಗೆ ಹೋಗುತ್ತೆ.)

ಕಣ್ಣಲ್ಲಿ ನೋಡದೆ ನಂಬೋ ಹಾಗಿಲ್ಲ. ಮಾರನೇ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರೋವಾಗ, ಪಂಕ್ಚರ್ ಅಂಗಡಿ ಮುಂದೆ ವ್ಯಾನ್ ನಿಲ್ಲಿಸಿದ್ವಿ. ಹಿಂದಿನ ಪೈಪಿಗೆ ಬಟ್ಟೆ ಸುತ್ತಿ ಕಂಪ್ರೆಸರ್ ಗಾಳಿ ಬಿಟ್ವಿ, ಸಣ್ಣಗೆ, ಜೋರಾಗಿ ಅಲ್ಲ. ಗಾಳಿ ಸೈಲೆನ್ಸರ್, ಟರ್ಬೈನ್ ದಾಟಿ ಹಿಂದಕ್ಕೆ ಮ್ಯಾನಿಫೋಲ್ಡ್‌ವರೆಗೆ ಬರುತ್ತೆ. ಹೀಟ್ ಶೀಲ್ಡ್ ಬಿಚ್ಚಿ, ಜಾಯಿಂಟ್‌ಗಳ ಮೇಲೆಲ್ಲ ಸೋಪ್ ನೀರು ಹಾಕಿದ್ವಿ. ಟ್ಯೂಬನ್ನ ನೀರಲ್ಲಿ ಅದ್ದಿ ಪಂಕ್ಚರ್ ಹುಡುಕೋದು ಹೇಗೋ ಹಾಗೇ. ಕೊನೇ ಸಿಲಿಂಡರಿನ ಫ್ಲ್ಯಾಂಜ್ ಕೆಳಗೆ ಬುಳುಬುಳು ಗುಳ್ಳೆ! ಟಾರ್ಚ್ ಬಿಟ್ಟು ನೋಡಿದ್ರೆ ಅಲ್ಲೇ ಕಪ್ಪು ಮಸಿ, ಕೆಳಗಿನ ಸ್ಟಡ್‌ನ ತಲೆಯೇ ಇಲ್ಲ.

ಕೊನೇ ಸ್ಟಡ್ಡೇ ಯಾಕೆ ಮುರೀತು? ಎರಕದ ಕಬ್ಬಿಣ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11 ಮೈಕ್ರೋಮೀಟರ್ ಹಿಗ್ಗುತ್ತೆ. ಮ್ಯಾನಿಫೋಲ್ಡ್ 40 ಸೆಂಟಿಮೀಟರ್ ಉದ್ದ, 500 ಡಿಗ್ರಿ ಬಿಸಿ ಏರಿತು ಅಂದ್ಕೊಳ್ಳಿ: 2.2 ಮಿಲಿಮೀಟರ್. ಸಿಲಿಂಡರ್ ಹೆಡ್‌ನ ಸುತ್ತ ನೀರು ಓಡ್ತಾ ಇರೋದ್ರಿಂದ ಅದು ಅಷ್ಟು ಬಿಸಿ ಆಗಲ್ಲ, ಅಷ್ಟು ಹಿಗ್ಗಲ್ಲ. ನಡುವಿನ ಸ್ಟಡ್‌ಗಳಿಗೆ ಇದರ ಎಳೆತ ಕಡಿಮೆ, ಎರಡು ತುದಿಯವಕ್ಕೆ ಹೆಚ್ಚು. ದಿನಾ ಬಿಸಿ, ದಿನಾ ತಣ್ಣಗೆ. ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಫಟೀಗ್ ಅಂತ ಹೇಳಿದಾಗ ನಾನು ಹಿಂದಿನ ಬೆಂಚಲ್ಲಿ ನಿದ್ದೆ ಮಾಡ್ತಿದ್ದೆ, ಈಗ ಅದು ಕಣ್ಮುಂದೆ ಇತ್ತು.

ಪಿಕಪ್ ಯಾಕೆ ಕಡಿಮೆ ಆಯ್ತು ಅನ್ನೋದೂ ಇಲ್ಲೇ ಗೊತ್ತಾಯ್ತು. ಟರ್ಬೈನ್‌ಗೆ ಮುಂಚೆಯೇ ಗ್ಯಾಸ್ ಸೋರಿದ್ರೆ ಟರ್ಬೊ ತಿರುಗಿಸೋ ಶಕ್ತಿ ಕಡಿಮೆ, ಬೂಸ್ಟ್ ಕಡಿಮೆ. ಹಾಗಾಗಿ ಲಕ್ಷಣ ಟರ್ಬೊ ಹಾಳಾದ ಹಾಗೇ ಕಾಣುತ್ತೆ. ಆ ಮೆಕ್ಯಾನಿಕ್ ಸುಳ್ಳು ಹೇಳಿದ್ರು ಅಂತ ನಾನು ಅನ್ನಲ್ಲ, ಪರೀಕ್ಷೆ ಮಾಡದೆ ಹೇಳಿದ್ರು ಅಷ್ಟೇ. ಟರ್ಬೊ ನೋಡೋದೂ ದೊಡ್ಡ ಕೆಲಸ ಅಲ್ಲ. ಇಂಜಿನ್ ಆಫ್ ಮಾಡಿ, ಗಾಳಿ ಬರೋ ಹೋಸ್ ಬಿಚ್ಚಿ, ಶಾಫ್ಟ್ ಬೆರಳಲ್ಲಿ ಅಲ್ಲಾಡಿಸಬೇಕು. ಪಕ್ಕಕ್ಕೆ ಚೂರೇ ಚೂರು ಆಟ ಇರಬಹುದು. ಹಿಂದೆ ಮುಂದೆ ಆಡಿದ್ರೆ, ರೆಕ್ಕೆ ಗೋಡೆಗೆ ತಾಗಿದ್ರೆ ಮಾತ್ರ ಚಿಂತೆ. ನಮ್ಮದು ಸರಿಯಾಗೇ ಇತ್ತು.

ನನಗೆ ಭಯ ಆಗಿದ್ದು ಬೇರೆ ವಿಷಯಕ್ಕೆ. ಮುಂದಿನ ಸೀಟಲ್ಲಿ ಕೂರೋ ಒಂದು ಪುಟ್ಟ ಹುಡುಗಿ "ಅಂಕಲ್, ಹೊಗೆ ವಾಸನೆ" ಅಂತ ಎರಡು ವಾರದಿಂದ ಹೇಳ್ತಾ ಇದ್ಲಂತೆ. ಮಾವ ಮುಂದೆ ಹೋಗೋ ಲಾರಿದು ಅಂದ್ಕೊಂಡಿದ್ರು. ಈ ವ್ಯಾನಿನಲ್ಲಿ ಇಂಜಿನ್ ಇರೋದು ಮುಂದಿನ ಸೀಟಿನ ಹತ್ತಿರವೇ, ಸೋರಿದ ಗ್ಯಾಸ್ ಸೀದಾ ಒಳಗೆ ಬರ್ತಿತ್ತು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಅದನ್ನ ಮೊದಲನೇ ಗುಂಪಿಗೆ ಸೇರಿಸಿದೆ. ಇದನ್ನ ಹೇಳಿದ ಮೇಲೆ ಮಾವ ಮಾತಾಡಲಿಲ್ಲ. ರಿಪೇರಿ ಆಗೋವರೆಗೆ ಮಕ್ಕಳನ್ನ ಬೇರೆಯವರ ಗಾಡಿಯಲ್ಲಿ ಕಳಿಸಿದ್ರು, ಅದರ ಬಾಡಿಗೆ ತಾವೇ ಕೊಟ್ಟರು.

ಹೊಸದುರ್ಗದ ಒಂದು ವರ್ಕ್‌ಶಾಪಿನಲ್ಲಿ ಮ್ಯಾನಿಫೋಲ್ಡ್ ಬಿಚ್ಚಿದ್ರು. ಅಲ್ಲಿನ ವಯಸ್ಸಾದ ಮೇಸ್ತ್ರಿ ಅದನ್ನ ತಂತಿಯಲ್ಲಿ ನೇತುಹಾಕಿ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ ಕೇಳಿದ್ರು, ಅಜ್ಜಿ ಮಡಕೆ ತಟ್ಟಿ ಕೊಳ್ಳೋ ಹಾಗೆ. ಬಿರುಕು ಬಿಟ್ಟಿದ್ರೆ "ದಬ್" ಅನ್ನುತ್ತೆ, ಗಟ್ಟಿ ಇದ್ರೆ "ಠಣ್". ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗೆ ಹೆಸರಾಗಿದ್ದ ಊರು, 1800ರ ಸುಮಾರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕೆಲಸದ ಬಗ್ಗೆ ಬರೆದಿದ್ದಾನೆ. ಬಳೆ ಸೀಳು ಬಿಟ್ಟಿದೆಯಾ ಅಂತ ಸದ್ದಿನಲ್ಲೇ ಕಂಡುಹಿಡಿಯೋದು ನಮ್ಮ ಊರಿನ ಹೆಂಗಸರಿಗೆ ಈಗಲೂ ಗೊತ್ತು. ನಾವು ಅದಕ್ಕೆ ನಾನ್-ಡಿಸ್ಟ್ರಕ್ಟಿವ್ ಟೆಸ್ಟಿಂಗ್ ಅಂತ ಹೆಸರಿಟ್ಟು ಮಾರ್ಕ್ಸ್ ತಗೋತೀವಿ.

"ಠಣ್" ಅಂತು. ಮುರಿದ ಸ್ಟಡ್ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ, ಆ ಬಿಸಿಯಲ್ಲೇ ತಿರುಗಿಸಿ ತೆಗೆದ್ರು. ಹೊಸ ಸ್ಟಡ್, ಹೊಸ ಗ್ಯಾಸ್ಕೆಟ್, ನಟ್‌ಗಳನ್ನ ನಡುವಿನಿಂದ ಶುರು ಮಾಡಿ ಎರಡೂ ತುದಿ ಕಡೆಗೆ ಟೈಟ್ ಮಾಡಿದ್ರು. ಖರ್ಚು ಮೂರು ಸಾವಿರದ ಒಳಗೇ ಮುಗೀತು. ಒಂದು ವಾರ ಓಡಿಸಿ, ಇಂಜಿನ್ ತಣ್ಣಗಾದ ಮೇಲೆ ನಟ್‌ಗಳನ್ನ ಇನ್ನೊಂದು ಸಲ ಚೆಕ್ ಮಾಡಿಸಿ ಅಂತ ಮೇಸ್ತ್ರಿ ಹೇಳಿದ್ದಾರೆ. ನಾನು ಕಾಲೇಜಿಗೆ ವಾಪಸ್ ಬಂದ ಮೇಲೆ ಮಾವ ಫೋನ್‌ನಲ್ಲಿ ಐಡ್ಲಿಂಗ್ ಶಬ್ದ ರೆಕಾರ್ಡ್ ಮಾಡಿ ಕಳಿಸಿದ್ರು. ಟಿಕ್ ಇಲ್ಲ. ಹೀಟ್ ಶೀಲ್ಡ್‌ನ ಒಂದು ಬೋಲ್ಟ್ ಮಾತ್ರ ಗಿಲಿಗಿಲಿ ಅಂತಿದೆ, ಅದು ವಾಪಸ್ ಹಾಕೋವಾಗ ನಾನು ಸರಿಯಾಗಿ ಟೈಟ್ ಮಾಡದೆ ಬಿಟ್ಟಿದ್ದು.