ಸದಾಶಿವಗಡ: ಕೋಟೆಯ ಹೆಸರು ಮತ್ತು ಕಂಡವರ ಬರಹ

ಕಾಳೀ ನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆಯಲ್ಲಿ, ಬಂದರು ನಗರ ಕಾರವಾರಕ್ಕೆ ಎದುರಾಗಿ, ಉತ್ತರ ದಂಡೆಯ ಗುಡ್ಡದ ನೆತ್ತಿಯಲ್ಲಿ ಸದಾಶಿವಗಡ ಕೋಟೆಯಿದೆ. ಗುಡ್ಡದ ಎತ್ತರ ಸುಮಾರು 220 ಅಡಿ. ಇದನ್ನು ಸಂದರ್ಶಿಸುವವರಲ್ಲಿ ಅನೇಕರು ಇದನ್ನು ಶಿವಾಜಿಯ ಕೋಟೆಯೆಂದೇ ತಿಳಿದು ಹಿಂದಿರುಗುತ್ತಾರೆ. ಈ ಗ್ರಹಿಕೆಗೆ ಬಲ ನೀಡಿದ ಬರಹಗಳಲ್ಲಿ ಒಂದು ರವೀಂದ್ರನಾಥ ಠಾಕೂರರ 'ಜೀವನಸ್ಮೃತಿ'.

ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಅವರೊಡನೆ ಕೆಲಕಾಲ ಅಲ್ಲಿದ್ದರು. 1884ರಲ್ಲಿ ಪ್ರಕಟವಾದ 'ಪ್ರಕೃತಿರ್ ಪ್ರತಿಶೋಧ' ನಾಟಕ ಆ ವಾಸದ ಫಲ. ಬೆಳದಿಂಗಳ ರಾತ್ರಿಯೊಂದರಲ್ಲಿ ದೋಣಿಯೇರಿ ಕಾಳೀ ನದಿಯಲ್ಲಿ ಸಾಗಿದಾಗ ಶಿವಾಜಿಯ ಹಳೆಯ ಗಿರಿದುರ್ಗವೊಂದರ ಬಳಿ ಇಳಿದುದನ್ನು ಅವರು ಸ್ಮರಿಸುತ್ತಾರೆ. ಕೋಟೆಯ ಹೆಸರನ್ನು ಪಠ್ಯ ಹೇಳುವುದಿಲ್ಲ. ಅದು ಸದಾಶಿವಗಡವೆಂದು ಗುರುತಿಸಿದವರು ನಂತರದ ಓದುಗರು. ಕೋಟೆಗೆ ಅಲ್ಲಿ ದೊರೆಯುವುದು ಕ್ಷಣಮಾತ್ರದ ಉಲ್ಲೇಖ. ಕವಿಯ ಮನಸ್ಸೆಲ್ಲ ಬೆಳದಿಂಗಳಿನಲ್ಲಿ, ಮರಳಿನಲ್ಲಿ, ನಿಶ್ಶಬ್ದದಲ್ಲಿ ನೆಟ್ಟಿದೆ. ದಾರಿಯಲ್ಲಿ ಕೇಳಿದ ಮಾತನ್ನು ಪರೀಕ್ಷಿಸುವುದು ಅವರ ಉದ್ದೇಶವಾಗಿರಲಿಲ್ಲ. ಹಾಗೆ ಹಾದುಹೋದ ಮಾತೇ ಕವಿಯ ಕೀರ್ತಿಯಿಂದಾಗಿ ಆಧಾರದಂತೆ ಓದಿಸಿಕೊಂಡಿತು.

ಕಾಲಾನುಕ್ರಮಣಿಕೆ ಬೇರೆಯದನ್ನು ಹೇಳುತ್ತದೆ. ಶಿವಾಜಿ 1665ರಲ್ಲಿ ಕಾರವಾರಕ್ಕೆ ಬಂದದ್ದೂ ಮುಂದೆ ಈ ಪ್ರದೇಶವು ಅವನ ಹಿಡಿತಕ್ಕೆ ಬಂದದ್ದೂ ನಿಜ. ಆದರೆ ಅವನು ತೀರಿಕೊಂಡದ್ದು 1680ರಲ್ಲಿ. ಸದಾಶಿವಗಡವನ್ನು ಕಟ್ಟಿಸಿದವನು ಸೋದೆಯ ಅರಸ ಬಸವಲಿಂಗ. ಕಾಲ 18ನೆಯ ಶತಮಾನದ ಆರಂಭ. ಅದರ ವರ್ಷವನ್ನು 1715 ಎಂದು ಗೆಜೆಟಿಯರ್ ನೀಡುತ್ತದೆ. ತಂದೆ ಸದಾಶಿವರಾಯನ ಹೆಸರನ್ನು ಅವನು ಕೋಟೆಗಿಟ್ಟನು.

ಸ್ಥಳದ ಆಯ್ಕೆಯಲ್ಲಿ ಸೋದೆಯವರ ಲೆಕ್ಕಾಚಾರ ಸ್ಪಷ್ಟವಾಗಿದೆ. ಇಂಗ್ಲಿಷರು 1638ರಿಂದ ಇಲ್ಲಿ ವ್ಯಾಪಾರಕ್ಕೆ ತೊಡಗಿದ್ದರು. ಆಗಿನ ಕಾರವಾರವು ಇಂದಿನ ನಗರದ ಜಾಗದಲ್ಲಿರದೆ, ನದಿಯ ಮೇಲ್ಭಾಗದ ಕಡವಾಡದ ಕಡೆಗಿತ್ತು. ಮೆಣಸು ತುಂಬುವ ಹಡಗಾಗಲಿ ದೋಣಿಯಾಗಲಿ ಅಳಿವೆಯನ್ನು ದಾಟಬೇಕಾದರೆ ಈ ಗುಡ್ಡದ ಕೆಳಗೇ ಹಾಯಬೇಕು. ಘಟ್ಟದ ಮೇಲಿನ ಸಣ್ಣ ಅರಸೊತ್ತಿಗೆಯೊಂದು ಸಮುದ್ರ ವ್ಯಾಪಾರದ ಕೀಲಿಯನ್ನು ತನ್ನ ಕೈಯಲ್ಲಿ ಹಿಡಿದದ್ದು ಹೀಗೆ. ಕೋಟೆಯ ನೆತ್ತಿಯಿಂದ ಅಳಿವೆಯನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕ್ಷೇತ್ರಕಾರ್ಯದ ಅಗತ್ಯ ಇಂಥಲ್ಲಿಯೇ ಮನವರಿಕೆಯಾಗುವುದು.

ಗುಡ್ಡದ ಹೆಸರುಗಳೂ ಹಲವು. ಪೋರ್ಚುಗೀಸ್ ಬರಹಗಾರ ಬಾರ್ಬೋಸಾ 16ನೆಯ ಶತಮಾನದ ಆದಿಯಲ್ಲಿ 'ಸಿಂತಾಕೋರ'ವೆಂದು ಕರೆದ ನೆಲೆ ಚಿತ್ತಾಕುಲ. ಆ ಹೆಸರು ಊರಿನಲ್ಲಿ ಇಂದಿಗೂ ಉಳಿದಿದೆ. 1752ರಲ್ಲಿ ಕೋಟೆಯನ್ನು ಹಿಡಿದ ಪೋರ್ಚುಗೀಸರ ಬಾಯಲ್ಲಿ ಅದು 'ಪಿರೊ' ಆಯಿತು. ಬಳಿಯ ಪೀರರ ದರ್ಗಾ ಇದಕ್ಕೆ ಕಾರಣ. ಹೀಗೆ ಪ್ರತಿಯೊಂದು ಹೆಸರೂ ಹೇಳಿದವರ ನೆಲೆಯನ್ನು ಸೂಚಿಸುತ್ತದೆ. ಕೊಂಕಣಿ ಆಡುವ ಊರಿನಲ್ಲಿ ಕನ್ನಡದ ಒಡೆತನವನ್ನು ಸಾಧಿಸುವುದಕ್ಕಾಗಿ ಈ ಮಾತನ್ನು ಎತ್ತಬೇಕಾಗಿಲ್ಲ; ಗಡಿವಾದದ ಜಾಡಿನಲ್ಲಿ ಹೊರಟರೆ ಚರ್ಚೆ ಬೇಗನೆ ಬಡವಾಗುತ್ತದೆ.

ಕನ್ನಡ ಸಾಹಿತ್ಯ ಚರಿತ್ರೆಗೆ ಮುಖ್ಯವಾದ ಸಂಗತಿ ಬೇರೆ. ಕೋಟೆಗೆ ಹೆಸರಾದ ಸದಾಶಿವರಾಯನು 17ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಅರಸನಷ್ಟೇ ಅಲ್ಲ, ಸ್ವರವಚನಗಳನ್ನು ರಚಿಸಿದ ಕವಿ. ರವೀಂದ್ರರ ಹೆಸರನ್ನು ಕಾರವಾರದ ಕಡಲತೀರಕ್ಕೆ ಇಡಲಾಗಿದೆ; ನದಿಯಾಚೆಯ ಗುಡ್ಡವೂ ಕವಿಯೊಬ್ಬನ ಹೆಸರನ್ನೇ ಹೊತ್ತಿದೆ ಎಂಬುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಸಾಹಿತ್ಯ ಚರಿತ್ರೆಯಲ್ಲಿ ಅವನು ಸ್ವರವಚನಕಾರ, ಕೋಟೆಯ ಚರಿತ್ರೆಯಲ್ಲಿ ಬಸವಲಿಂಗನ ತಂದೆ. ಈ ಎರಡು ಓದುಗಳನ್ನು ಜೋಡಿಸಿದಾಗ ಮಾತ್ರ, ತತ್ವವನ್ನು ಹಾಡುಗಬ್ಬವಾಗಿಸಿದ ಆಸ್ಥಾನವೇ ಮೆಣಸಿನ ದಾರಿಯನ್ನೂ ಕಾಯುತ್ತಿದ್ದುದು ಕಾಣುತ್ತದೆ.

ಪೋರ್ಚುಗೀಸರು 1754ರಲ್ಲಿ ಕೋಟೆಯನ್ನು ಸೋದೆಗೆ ಮರಳಿಸಿದರು. 1763ರಲ್ಲಿ ಹೈದರಾಲಿಯ ಸೇನೆ ಸೋದೆಯನ್ನು ಗೆದ್ದಿತು. 1783ರಲ್ಲಿ ಕೋಟೆ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಪಡೆಯ ವಶವಾಯಿತು. ಹೈದರನಿಗೆ ರಾಜ್ಯವನ್ನು ಕಳೆದುಕೊಂಡ ಅರಸನ ಹೆಸರೂ ಸದಾಶಿವ, ಇಮ್ಮಡಿ ಸದಾಶಿವ. ಅವನು ಗೋವೆಯಲ್ಲಿ ಪೋರ್ಚುಗೀಸರ ಆಶ್ರಯ ಪಡೆದನು. ಮನೆತನ ಬಾಂದೋಡೆಯಲ್ಲಿ ನೆಲೆನಿಂತಿತು. ಸೋದೆಯ ಅರಸರನ್ನು ಕುರಿತ ಮುಂದಿನ ಅಧ್ಯಯನಗಳು ಘಟ್ಟವಿಳಿದು, ಕಾಳಿಯನ್ನೂ ದಾಟಿ ಅಲ್ಲಿಯವರೆಗೆ ಹೋಗಬೇಕಾಗುತ್ತದೆ.