ಹೊಸ ಕ್ಯಾರವಾನ್‌ಗೆ ಯಾವ ಎಕ್ಸ್‌ಟ್ರಾ ಬೇಕು, ಯಾವುದು ಬೇಡ?

ಆಸ್ಟ್ರೇಲಿಯದಲ್ಲಿ ಶಾಲೆಗೆ ರಜೆ ಬಿತ್ತೆಂದರೆ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಸಂಸಾರ ಸಮೇತ ಹೊರಡುವವರು ಹೆದ್ದಾರಿಗಳ ತುಂಬ ಕಾಣಸಿಗುತ್ತಾರೆ. ದೊಡ್ಡವರಿಗೆ ಮಂಚ, ಮಕ್ಕಳಿಗೆ ಬಂಕ್, ಒಲೆ, ಫ್ರಿಜ್, ಬಚ್ಚಲು ಎಲ್ಲವೂ ಇರುವ ಈ ಗಾಲಿಮನೆ ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಒಗ್ಗುವಂಥದ್ದು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಜೊತೆಗೆ ಕರೆದೊಯ್ಯಬಹುದು, ಅನ್ನ ಸಾರು ಮಾಡಿಕೊಂಡು ಉಣ್ಣಬಹುದು.

ಹೊಸ ಕ್ಯಾರವಾನ್‌ಗಳನ್ನು ಬಹಳ ಸಲ ಆರ್ಡರ್ ಕೊಟ್ಟ ಮೇಲೆಯೇ ಕಟ್ಟುತ್ತಾರೆ. ಮೆಲ್ಬರ್ನ್‌ನ ಉತ್ತರದ ಕ್ಯಾಂಪ್‌ಬೆಲ್‌ಫೀಲ್ಡ್, ಸಾಮರ್ಟನ್ ಸುತ್ತಮುತ್ತ ಇಂಥ ಕಾರ್ಖಾನೆಗಳು ಹೆಚ್ಚು. ಆರ್ಡರ್ ಬರೆಯುವ ಹೊತ್ತಿಗೆ ಡೀಲರ್ ಎಕ್ಸ್‌ಟ್ರಾಗಳ ಉದ್ದನೆಯ ಪಟ್ಟಿಯನ್ನು ಮುಂದಿಡುತ್ತಾರೆ. ಸೋಲಾರ್, ಲಿಥಿಯಂ ಬ್ಯಾಟರಿ, ಡೀಸೆಲ್ ಹೀಟರ್, ವಾಷಿಂಗ್ ಮಷಿನ್, ಸೈಕಲ್ ರ‍್ಯಾಕ್, ಎರಡನೇ ಟಿವಿ, ಹೀಗೆ. ಪಟ್ಟಿಯಲ್ಲಿ ಡಾಲರ್ ಬೆಲೆ ಮಾತ್ರ ಇರುತ್ತದೆ. ಆದರೆ ಪ್ರತಿ ಎಕ್ಸ್‌ಟ್ರಾಕ್ಕೂ ಕಿಲೊಗಳಲ್ಲಿ ಇನ್ನೊಂದು ಬೆಲೆ ಇದೆ. ಅದನ್ನು ನೋಡದೆ ಸಹಿ ಹಾಕಿದರೆ ಬಟ್ಟೆಬರೆ ಹೇರುವ ಮೊದಲೇ ಕ್ಯಾರವಾನ್ ಕಾನೂನಿನ ತೂಕದ ಮಿತಿಗೆ ಬಂದು ನಿಂತಿರುತ್ತದೆ.

ಆಯ್ಕೆಗೆ ಒಂದೇ ಸೂತ್ರ ಸಾಕು. ಕಾರ್ಖಾನೆ ದಾಟಿದ ಮೇಲೆ ಸೇರಿಸಲು ಕಷ್ಟವಾಗುವುದನ್ನು ಈಗಲೇ ಹಾಕಿಸಿ. ಆಮೇಲೂ ಅಂಗಡಿಯಲ್ಲಿ ಸಿಗುವುದನ್ನು ಮೊದಲ ಪ್ರವಾಸ ಮುಗಿಯುವವರೆಗೆ ತಡೆಯಿರಿ.

ಹೆಜ್ಜೆ 1: ಎಲ್ಲಿ ತಂಗುತ್ತೀರಿ ಎಂದು ಮೊದಲು ಬರೆಯಿರಿ

ಮುಂದಿನ ಎರಡು ಮೂರು ವರ್ಷಗಳಲ್ಲಿ ನಿಜವಾಗಿ ಹೋಗಲಿರುವ ಜಾಗಗಳನ್ನು ಮನೆಯವರೆಲ್ಲ ಕೂತು ಪಟ್ಟಿ ಮಾಡಿ. ಫಿಲಿಪ್ ಐಲೆಂಡ್, ಗ್ರೇಟ್ ಓಷನ್ ರೋಡ್, ಮರ‍್ರೆ ನದಿ ದಡದ ಎಚೂಕಾ ಮುಂತಾದ ಕಡೆ ಕ್ಯಾರವಾನ್ ಪಾರ್ಕ್‌ಗಳಲ್ಲಿ 240 ವೋಲ್ಟ್, 15 ಆಂಪಿಯರ್ ಕರೆಂಟ್, ನಲ್ಲಿ ನೀರು, ಸ್ನಾನಗೃಹ ಎಲ್ಲ ಸಿಗುತ್ತವೆ. ನಿಮ್ಮ ಪಟ್ಟಿ ಇಂಥ ಊರುಗಳಿಂದಲೇ ತುಂಬಿದ್ದರೆ ದುಬಾರಿಯ ‘ಆಫ್‌ಗ್ರಿಡ್’ ಪ್ಯಾಕೇಜ್ ಬೇಕಿಲ್ಲ. ಫ್ಲಿಂಡರ್ಸ್ ರೇಂಜಸ್, ನಲ್ಲಾರ್ಬೋರ್ ಕಡೆ ಕರೆಂಟ್ ಇಲ್ಲದ ಜಾಗಗಳಲ್ಲಿ ದಿನಗಟ್ಟಲೆ ಉಳಿಯುವವರಿಗೆ ಮಾತ್ರ ಬ್ಯಾಟರಿ, ಸೋಲಾರ್, ಹೆಚ್ಚುವರಿ ನೀರಿನ ಟ್ಯಾಂಕ್ ಅಗತ್ಯ.

ಜೊತೆಗೆ ತಲೆ ಎಣಿಸಿ. ಓಡುತ್ತಿರುವ ಕ್ಯಾರವಾನ್‌ನೊಳಗೆ ಯಾರೂ ಕೂರುವಂತಿಲ್ಲ, ಅದು ಕಾನೂನುಬಾಹಿರ. ಆರು ಜನರಿಗೆ ಹಾಸಿಗೆ ಇದ್ದರೂ ಕಾರಿನಲ್ಲಿ ಆರು ಸೀಟು ಇಲ್ಲದಿದ್ದರೆ ಹೆಚ್ಚುವರಿ ಬಂಕ್‌ಗೆ ಕೊಟ್ಟ ಹಣ ವ್ಯರ್ಥ.

ಹೆಜ್ಜೆ 2: ತೂಕದ ಲೆಕ್ಕ ಹಾಕಿ

ಕ್ಯಾರವಾನ್‌ನ ಫಲಕದ ಮೇಲಿನ ಎರಡು ಸಂಖ್ಯೆಗಳನ್ನು ಗುರುತಿಸಿ. ‘ಟೇರ್’ ಎಂದರೆ ಕಾರ್ಖಾನೆಯಿಂದ ಹೊರಬಿದ್ದಾಗಿನ ಖಾಲಿ ತೂಕ. ‘ಎಟಿಎಂ’ ಎಂದರೆ ಸಾಮಾನು, ನೀರು, ಗ್ಯಾಸ್ ಎಲ್ಲ ಸೇರಿ ಕ್ಯಾರವಾನ್ ತೂಗಬಹುದಾದ ಗರಿಷ್ಠ. ಇವುಗಳ ನಡುವಿನ ವ್ಯತ್ಯಾಸವೇ ಪೇಲೋಡ್, ಅಂದರೆ ನೀವು ಹೇರಬಹುದಾದ ತೂಕ.

ಒಂದು ಉದಾಹರಣೆ. ಎಟಿಎಂ 2,600 ಕಿಲೊ, ಟೇರ್ 2,150 ಕಿಲೊ ಎಂದಿಟ್ಟುಕೊಳ್ಳಿ. ಪೇಲೋಡ್ 450 ಕಿಲೊ. 95 ಲೀಟರಿನ ಎರಡು ಟ್ಯಾಂಕ್ ತುಂಬಿದರೆ 190 ಕಿಲೊ ಹೋಯಿತು. 9 ಕಿಲೊದ ಎರಡು ಸಿಲಿಂಡರ್‌ಗಳ ಗ್ಯಾಸ್ 18 ಕಿಲೊ. ಉಳಿದದ್ದು 242. ನಾಲ್ಕು ಜನರ ಬಟ್ಟೆ, ಹೊದಿಕೆ, ಪಾತ್ರೆ, ದಿನಸಿ, ಕುರ್ಚಿ, ಮೇಜು, ಪೈಪು, ವೈರು, ಉಪಕರಣ ಎಲ್ಲ ಸೇರಿದರೆ 200 ಕಿಲೊ ಆಗಲು ತಡವಿಲ್ಲ. ಎಕ್ಸ್‌ಟ್ರಾಗಳಿಗೆ ಉಳಿಯುವುದು ಸುಮಾರು 40 ಕಿಲೊ. ಎರಡನೇ ಸ್ಪೇರ್ ಚಕ್ರ ಒಂದೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಿನ್ನುತ್ತದೆ.

ಡೀಲರ್ ತಮ್ಮ ಅಂಗಳದಲ್ಲಿ ಆಮೇಲೆ ಜೋಡಿಸಿದ ವಸ್ತುಗಳ ತೂಕ ಫಲಕದ ಟೇರ್‌ನಲ್ಲಿ ಸೇರಿರದೆ ಇರಬಹುದು. ಆದ್ದರಿಂದ ಪ್ರತಿ ಎಕ್ಸ್‌ಟ್ರಾದ ಮುಂದೆ ಅದರ ತೂಕವನ್ನೂ ಬರೆದುಕೊಡಲು ಕೇಳಿ.

ಇದೇ ಹೊತ್ತಿಗೆ ಕಾರಿನ ಸಾಮರ್ಥ್ಯವನ್ನೂ ನೋಡಿ. ಟೊಯೊಟಾ ಕ್ಲೂಗರ್ ಎಳೆಯಬಲ್ಲದ್ದು 2,000 ಕಿಲೊ. ಲ್ಯಾಂಡ್‌ಕ್ರೂಸರ್ 300 ಎಳೆಯುವುದು 3,500 ಕಿಲೊ. ಹಾಗೆಂದು ಆ ಸಂಖ್ಯೆಯೊಂದನ್ನೇ ನಂಬಬೇಡಿ. ಕಾರು ಮತ್ತು ಕ್ಯಾರವಾನ್ ಎರಡರ ಒಟ್ಟು ತೂಕಕ್ಕೂ ‘ಜಿಸಿಎಂ’ ಎಂಬ ಮಿತಿ ಇದೆ. ಕ್ಯಾರವಾನ್‌ನ ಮೂತಿ ಕಾರಿನ ಟೋಬಾಲ್, ಅಂದರೆ ಹಿಂಬದಿಯ ಕೊಂಡಿಯ ಗುಂಡಿನ ಮೇಲೆ ಊರುವ ಭಾರ, ಸಾಮಾನ್ಯವಾಗಿ ಕ್ಯಾರವಾನ್ ತೂಕದ ಶೇ 10ರಷ್ಟು, ಕಾರು ಹೊರುವ ಭಾರದ ಲೆಕ್ಕಕ್ಕೇ ಸೇರುತ್ತದೆ.

ಹೆಜ್ಜೆ 3: ಸುರಕ್ಷತೆಗೆ ಮೊದಲ ಹಣ

ಬಜೆಟ್ ಬಿಗಿಯಾಗಿದ್ದರೆ ಉಳಿದದ್ದನ್ನೆಲ್ಲ ಬಿಟ್ಟರೂ ಇವನ್ನು ಬಿಡಬೇಡಿ.

ಎಲೆಕ್ಟ್ರಾನಿಕ್ ಸ್ಥಿರತೆ ನಿಯಂತ್ರಣ: ಆಲ್‌ಕೋ ಇಎಸ್‌ಸಿ, ಡೆಕ್ಸ್‌ಟರ್ ಡಿಎಸ್‌ಸಿ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಭಾರೀ ಟ್ರಕ್ ಪಕ್ಕದಲ್ಲಿ ಹಾದಾಗಲೋ ಅಡ್ಡಗಾಳಿ ಬೀಸಿದಾಗಲೋ ಕ್ಯಾರವಾನ್ ಬಾಲ ಬೀಸಲು ತೊಡಗಿದರೆ ಇದು ಅದನ್ನು ಗ್ರಹಿಸಿ ಕ್ಯಾರವಾನ್‌ನ ಬ್ರೇಕನ್ನು ತಾನಾಗಿಯೇ ಹಿಡಿಯುತ್ತದೆ. ಚಾಲಕ ಎಚ್ಚೆತ್ತುಕೊಳ್ಳುವ ಮೊದಲೇ ಕೆಲಸ ಮಾಡುವ ಸಾಧನವಿದು. ಹಾಗೆಂದು ಹಿಂಬದಿಗೆ ಅತಿಯಾಗಿ ಹೇರಿದ ತಪ್ಪನ್ನು ಅದು ಸರಿಪಡಿಸದು.

ಬ್ರೇಕ್: ಆಸ್ಟ್ರೇಲಿಯದ ನಿಯಮದಂತೆ, ಕಾರಿಗೆ ಕಟ್ಟಿದಾಗ ಆಕ್ಸಲ್ ಮೇಲೆ ಬೀಳುವ ಭಾರ, ಅಂದರೆ ಜಿಟಿಎಂ, 2,000 ಕಿಲೊ ಮೀರಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಇರಬೇಕು. ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆಯೂ ಇರಬೇಕು. ಕಾರಿನಲ್ಲಿ ಎಲೆಕ್ಟ್ರಿಕ್ ಬ್ರೇಕ್ ಕಂಟ್ರೋಲರ್ ಮತ್ತು ಉದ್ದನೆಯ ಟೋಯಿಂಗ್ ಕನ್ನಡಿ ಹಾಕಿಸುವ ಖರ್ಚನ್ನೂ ಇದೇ ಬಜೆಟ್‌ನಲ್ಲಿ ಸೇರಿಸಿ.

ಎಟಿಎಂ ಹೆಚ್ಚಳ: ಆಕ್ಸಲ್, ಟೈರ್, ಚಾಸಿ, ಕೊಂಡಿ ಇವುಗಳ ಸಾಮರ್ಥ್ಯ ಅವಕಾಶ ಕೊಟ್ಟರೆ, ಕಟ್ಟುವ ಮೊದಲೇ ಹೆಚ್ಚಿನ ಎಟಿಎಂ ಕೇಳಿ ಪಡೆಯಿರಿ. ನೋಂದಣಿಯ ನಂತರ ಅದೇ ಕೆಲಸಕ್ಕೆ ಎಂಜಿನಿಯರ್ ಪ್ರಮಾಣಪತ್ರ, ಕಾಗದಪತ್ರಗಳ ಓಡಾಟ ಎದುರಾಗುತ್ತದೆ. ಪಟ್ಟಿಯ ಎಷ್ಟೋ ಥಳುಕಿನ ವಸ್ತುಗಳಿಗಿಂತ ಇದು ಉಪಯುಕ್ತ. ಆದರೆ ನಿಮ್ಮ ಕಾರಿನ ಮಿತಿಯೊಳಗೇ ಇರಲಿ.

ಹಿಂಬದಿ ಕ್ಯಾಮೆರಾ ಮತ್ತು ಟೈರ್ ಒತ್ತಡ ಸೂಚಕವೂ ಒಳ್ಳೆಯವೇ. ಕ್ಯಾಮೆರಾದ ವೈರಿಂಗ್ ಕಾರ್ಖಾನೆಯಲ್ಲೇ ಆಗಲಿ, ಟೈರ್ ಸೂಚಕವನ್ನು ಆಮೇಲೂ ಸುಲಭವಾಗಿ ಹಾಕಿಕೊಳ್ಳಬಹುದು.

ಹೆಜ್ಜೆ 4: ಕರೆಂಟಿನ ಅಗತ್ಯವನ್ನು ಅಳೆಯಿರಿ

12 ವೋಲ್ಟ್ ಕಂಪ್ರೆಸರ್ ಫ್ರಿಜ್‌ಗೆ ದಿನಕ್ಕೆ ಸುಮಾರು 50 ಆಂಪಿಯರ್-ಅವರ್ ಬೇಕು. ದೀಪ, ಫ್ಯಾನ್, ನೀರಿನ ಪಂಪ್, ಫೋನ್‌ಗಳಿಗೆ ಇನ್ನೊಂದು 20. ಒಟ್ಟು 70. ಒಳ್ಳೆಯ ಬಿಸಿಲಿನ ದಿನ 200 ವಾಟ್ ಸೋಲಾರ್ ಪ್ಯಾನಲ್ ಕೊಡುವುದು ಸುಮಾರು 50. ಕರೆಂಟ್ ಇಲ್ಲದ ಕಡೆ ಎರಡು ಮೂರು ರಾತ್ರಿ ಕಳೆಯುವವರಿಗೆ 200 ಆಂಪಿಯರ್-ಅವರ್ ಲಿಥಿಯಂ ಮತ್ತು 400 ವಾಟ್ ಸೋಲಾರ್ ನೆಮ್ಮದಿಯ ಜೋಡಿ. ಪಾರ್ಕ್‌ಗಳಲ್ಲೇ ತಂಗುವವರಿಗೆ ಒಂದೇ ಬ್ಯಾಟರಿ ಸಾಕು.

ಲಿಥಿಯಂನ ಲಾಭ ತೂಕದಲ್ಲೂ ಇದೆ. 100 ಆಂಪಿಯರ್-ಅವರ್‌ನ ಹಳೆಯ ಮಾದರಿಯ ಎಜಿಎಂ ಬ್ಯಾಟರಿ 30 ಕಿಲೊ ಆಸುಪಾಸಿನಲ್ಲಿದ್ದರೆ ಅಷ್ಟೇ ಸಾಮರ್ಥ್ಯದ ಲಿಥಿಯಂ ಸುಮಾರು 12 ಕಿಲೊ. ಅದನ್ನು ಎಲ್ಲಿ ಕೂರಿಸುತ್ತಾರೆ ಎಂದು ಕೇಳಿ. ಎಎಸ್/ಎನ್‌ಜಡ್‌ಎಸ್ 3001.2:2022 ಮಾನದಂಡದಂತೆ ಲಿಥಿಯಂ ಬ್ಯಾಟರಿಯ ಗೂಡು ಮಲಗುವ, ಕೂರುವ ಒಳಜಾಗಕ್ಕೆ ತೆರೆದುಕೊಳ್ಳಬಾರದು.

ಕಾರು ಓಡುವಾಗಲೇ ಬ್ಯಾಟರಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಬಹಳ ಉಪಯೋಗಿ. 25 ಆಂಪಿಯರ್‌ನದಾದರೆ ಎರಡು ಗಂಟೆಯ ಪ್ರಯಾಣದಲ್ಲಿ ಫ್ರಿಜ್‌ನ ಒಂದು ದಿನದ ಅಗತ್ಯ ಪೂರೈಸುತ್ತದೆ.

ದೊಡ್ಡ ಇನ್ವರ್ಟರ್ ಕೊಂಡರೆ ಬ್ಯಾಟರಿಯಲ್ಲೇ ಎಸಿ ಓಡುತ್ತದೆ ಎಂಬ ಮಾತಿಗೆ ಮರುಳಾಗಬೇಡಿ. 1,500 ವಾಟ್ ಎಸಿ 12 ವೋಲ್ಟ್‌ನಲ್ಲಿ 125 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಹಾಗೆ ಎಡೆಬಿಡದೆ ಓಡಿದರೆ 200ರ ಬ್ಯಾಟರಿ ಒಂದೂವರೆ ಗಂಟೆ ಬಾರದು. ಚಟ್ನಿಗೆ ಮಿಕ್ಸಿ ತಿರುಗಿಸಲು ಬೇಕಾದಷ್ಟು ಇನ್ವರ್ಟರ್ ಇದ್ದರೆ ಸಾಕು. ಮಿಕ್ಸಿ ಓಡುವುದು ಕೆಲವೇ ನಿಮಿಷ.

ಇನ್ನೂ ತೀರ್ಮಾನವಾಗದಿದ್ದರೆ ವೈರಿಂಗ್ ಈಗ ಹಾಕಿಸಿ, ಪ್ಯಾನಲ್ ಆಮೇಲೆ ಕೊಳ್ಳಿ. ಗೋಡೆ ಮುಚ್ಚಿದ ಮೇಲೆ ವೈರ್ ಎಳೆಯುವುದೇ ಕಷ್ಟದ ಕೆಲಸ.

ಹೆಜ್ಜೆ 5: ಅಡುಗೆ ಮತ್ತು ನೀರು

ನಮ್ಮ ಅಡುಗೆಗೆ ಒಗ್ಗರಣೆ ಇದೆ, ಹುರಿಯುವುದಿದೆ, ಕುಕ್ಕರ್ ಇದೆ. ಕ್ಯಾರವಾನ್‌ನ ಪುಟ್ಟ ಒಳಜಾಗದಲ್ಲಿ ಎಣ್ಣೆಯ ಹೊಗೆ ಹಾಸಿಗೆ, ಪರದೆಗಳಿಗೆ ಹಿಡಿದರೆ ಬೇಗ ಹೋಗದು. ಹೊಗೆಯನ್ನು ಗೋಡೆಯಾಚೆ ತಳ್ಳುವ ರೇಂಜ್‌ಹುಡ್ ಕೇಳಿ. ಫಿಲ್ಟರ್‌ನಲ್ಲಿ ಸೋಸಿ ಒಳಗೇ ಬಿಡುವಂಥದ್ದು ಬೇಡ. ಹೊರಗೆ ಎಳೆಯಬಹುದಾದ ಅಡುಗೆ ಕಟ್ಟೆ ಆಕರ್ಷಕವಾಗಿದ್ದರೂ ತೂಕ ಹೆಚ್ಚು. ಅದರ ಬದಲು ಹೊರಗೋಡೆಗೊಂದು ಗ್ಯಾಸ್ ಪಾಯಿಂಟ್ ಹಾಕಿಸಿಕೊಂಡರೆ ಒಲೆಯನ್ನು ಬೇಕಾದಾಗ ಆಚೆ ಇಟ್ಟು ಮೀನು ಹುರಿಯಬಹುದು, ದೋಸೆ ಹೊಯ್ಯಬಹುದು. ಈ ಗ್ಯಾಸ್ ಪಾಯಿಂಟನ್ನು ಲೈಸೆನ್ಸ್ ಇರುವವರೇ ಹಾಕಬೇಕಾದ್ದರಿಂದ ಕಾರ್ಖಾನೆಯಲ್ಲೇ ಮುಗಿಸುವುದು ಮೇಲು.

ಬಳಸಿದ ನೀರನ್ನು ಹಿಡಿದಿಡುವ ಗ್ರೇವಾಟರ್ ಟ್ಯಾಂಕ್ ಇಲ್ಲದಿದ್ದರೆ ಕೆಲವು ಉಚಿತ ಕ್ಯಾಂಪ್‌ಗಳಲ್ಲಿ ತಂಗಲು ಬಿಡುವುದಿಲ್ಲ. ಅಂಥ ಕಡೆ ಹೋಗುವವರು ಅದನ್ನು ಚಾಸಿ ಕೆಳಗೆ ಈಗಲೇ ಕೂರಿಸಿಕೊಳ್ಳಲಿ. ಟಾಯ್ಲೆಟ್ ಪಕ್ಕದಲ್ಲಿ ಕೈಗೆ ಸಿಗುವ ಶವರ್ ಪೈಪ್ ಇದೆಯೇ ನೋಡಿ. ಅದನ್ನು ಬಳಸುವ ಮನೆಯವರು ಟಾಯ್ಲೆಟ್ ಕೆಳಗಿನ ತೆಗೆದು ಖಾಲಿ ಮಾಡುವ ಡಬ್ಬಿ, ಅಂದರೆ ಕ್ಯಾಸೆಟ್, ಬೇಗ ತುಂಬುತ್ತದೆ ಎಂಬುದನ್ನು ನೆನಪಿಡಬೇಕು. ಸಾಮಾನ್ಯವಾಗಿ ಅದು ಹಿಡಿಯುವುದು 18 ಲೀಟರ್ ಆಸುಪಾಸು.

ಹೆಜ್ಜೆ 6: ಮಕ್ಕಳು, ಹಿರಿಯರು

ಬಂಕ್‌ಗಳಿಗೆ ಎತ್ತರದ ತಡೆ, ಗಾಳಿಗೆ ಒಂದೊಂದು ಕಿಟಕಿ, ಚಿಕ್ಕ ಫ್ಯಾನ್, ಓದುವ ದೀಪ ಇರಲಿ. ಬಂಕ್ ಎಷ್ಟು ಕಿಲೊ ತಡೆಯುತ್ತದೆ ಎಂದು ಕೇಳಿ. ಎಂಟು ವರ್ಷದ ಮಗ ನಾಲ್ಕು ವರ್ಷದಲ್ಲಿ ಉದ್ದವೂ ಆಗುತ್ತಾನೆ, ತೂಕವೂ ಏರುತ್ತದೆ. ಹಿರಿಯರಿಗಾಗಿ ಬಾಗಿಲಲ್ಲಿ ಗಟ್ಟಿ ಹಿಡಿಕೆ, ಅಗಲವಾದ ಎರಡು ಮೆಟ್ಟಿಲು, ರಾತ್ರಿ ಮೆಟ್ಟಿಲಿಗೆ ಬೆಳಕು, ಸ್ನಾನದ ಜಾಗದಲ್ಲೊಂದು ಹಿಡಿಕೆ ಹಾಕಿಸಿ. ಇವೆಲ್ಲ ಅಗ್ಗ, ಹಗುರ, ದಿನವೂ ಬಳಕೆಗೆ ಬರುವಂಥವು.

ಟ್ಯಾಸ್ಮೇನಿಯಾ ಅಥವಾ ವಿಕ್ಟೋರಿಯದ ಬೆಟ್ಟಗಳಿಗೆ ಚಳಿಗಾಲದಲ್ಲಿ ಹೋಗುವವರಿಗೆ ಡೀಸೆಲ್ ಹೀಟರ್ ಒಳ್ಳೆಯದು. 2 ಕಿಲೊವಾಟ್‌ನದು ಗಂಟೆಗೆ ಹೆಚ್ಚೆಂದರೆ ಕಾಲು ಲೀಟರ್ ಆಸುಪಾಸು ಡೀಸೆಲ್ ಕುಡಿದು, ಬ್ಯಾಟರಿಯಿಂದ ಅಲ್ಪವೇ ಕರೆಂಟ್ ಎಳೆಯುತ್ತದೆ. ಪಾರ್ಕ್‌ಗಳಲ್ಲಷ್ಟೇ ತಂಗುವವರಿಗೆ ಎಸಿಯಲ್ಲೇ ಇರುವ ಬಿಸಿಗಾಳಿ ಸಾಕು. ಹೊಗೆ ಸೂಚಕದ ಜೊತೆ ಕಾರ್ಬನ್ ಮಾನಾಕ್ಸೈಡ್ ಸೂಚಕ ಯಾರೂ ತಪ್ಪಿಸಬಾರದ ವಸ್ತು.

ಹೆಜ್ಜೆ 7: ಈಗ ಬೇಡ ಎನ್ನಿ

ಸೈಕಲ್ ರ‍್ಯಾಕ್ ಬಗ್ಗೆ ಎರಡು ಸಲ ಯೋಚಿಸಿ. ನಾಲ್ಕು ಸೈಕಲ್‌ಗಳ 50 ಕಿಲೊ ತೀರಾ ಹಿಂಬದಿಯಲ್ಲಿ ತೂಗಿದರೆ ಮೂತಿ ಮೇಲೇಳುತ್ತದೆ, ಟೋಬಾಲ್ ಭಾರ ಇಳಿಯುತ್ತದೆ, ಕ್ಯಾರವಾನ್ ಬಾಲ ಬೀಸುವ ಅಪಾಯ ಏರುತ್ತದೆ. ವಾಷಿಂಗ್ ಮಷಿನ್ ಇಲ್ಲದೆ ಪಾರ್ಕ್‌ಗಳ ಲಾಂಡ್ರಿಯಲ್ಲೇ ಕೆಲಸ ಸಾಗುತ್ತದೆ. ಎರಡನೇ ಟಿವಿ, ಹೊರಗಿನ ಸ್ಪೀಕರ್, ಮೇಲ್ಚಾಚಿಗೆ (ಆನಿಂಗ್) ಕಟ್ಟುವ ಬಟ್ಟೆಯ ಗೋಡೆಗಳು, ಎರಡನೇ ಸ್ಪೇರ್ ಚಕ್ರ ಎಲ್ಲವೂ ಆಮೇಲೂ ಸಿಗುತ್ತವೆ.

ಬಣ್ಣದ ರಕ್ಷಣೆ, ಬಟ್ಟೆಯ ರಕ್ಷಣೆ, ವಿಸ್ತರಿತ ವಾರಂಟಿ ಮುಂತಾದವನ್ನು ಸಹಿ ಹಾಕುವ ಗಳಿಗೆಯಲ್ಲಿ ಒಪ್ಪಬೇಡಿ. ಆಸ್ಟ್ರೇಲಿಯದ ಗ್ರಾಹಕ ಕಾನೂನು ಕೊಡುವ ಖಾತರಿ ಹಣವಿಲ್ಲದೆ ಸಿಗುವ ಹಕ್ಕು. ಕಂಪನಿಯ ವಾರಂಟಿ ಮುಗಿದರೂ ಅದು ಉಳಿದಿರಬಹುದು. ಆ ದೇಶದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ 2022ರಲ್ಲಿ ಹೊಸ ಕ್ಯಾರವಾನ್ ಮಾರಾಟದ ಬಗ್ಗೆಯೇ ವರದಿ ಪ್ರಕಟಿಸಿ ಈ ಹಕ್ಕುಗಳನ್ನು ಮಾರಾಟಗಾರರಿಗೆ ನೆನಪಿಸಿದೆ.

ಹೆಜ್ಜೆ 8: ಕಾಗದ ಮತ್ತು ತಕ್ಕಡಿ

ಒಪ್ಪಂದದಲ್ಲಿ ಪ್ರತಿ ಎಕ್ಸ್‌ಟ್ರಾದ ಹೆಸರು, ಮಾದರಿ, ಬೆಲೆ ಇರಲಿ. ಎಟಿಎಂ ಎಷ್ಟು, ಎಲ್ಲವೂ ಸೇರಿದ ಟೇರ್ ಗರಿಷ್ಠ ಎಷ್ಟು ಎಂಬುದನ್ನೂ ಬರಹದಲ್ಲಿ ಪಡೆಯಿರಿ. ವಿನ್ಯಾಸ ಬದಲಿಸಲು ಕೊನೆಯ ದಿನ ಯಾವುದೆಂದು ಕೇಳಿಟ್ಟುಕೊಳ್ಳಿ. ವಾಹನದ ಗುರುತಿನ ಸಂಖ್ಯೆ (ವಿಐಎನ್) ಸಿಕ್ಕ ಕೂಡಲೇ ಕ್ಯಾರವಾನ್ ಸರ್ಕಾರದ ಅನುಮೋದಿತ ವಾಹನಗಳ ನೋಂದಣಿಯಲ್ಲಿ ಇದೆಯೇ ಎಂದು ಆನ್‌ಲೈನ್‌ನಲ್ಲಿ ನೋಡಿ.

ಕ್ಯಾರವಾನ್ ಕೈಗೆ ಬರುವ ದಿನ ಪಟ್ಟಿ ಹಿಡಿದು ಎಲ್ಲವನ್ನೂ ಹಾಕಿ ನೋಡಿ: ನಲ್ಲಿ, ಒಲೆ, ಹೀಟರ್, ದೀಪ, ಮೇಲ್ಚಾಚು. ಪೂರ್ತಿ ಹಣ ಕೊಡುವ ಮೊದಲು ತೂಕದ ಚೀಟಿ ಕೇಳಿ. ಮೊದಲ ಪ್ರವಾಸಕ್ಕೆ ಸಾಮಾನು ಹೇರಿ, ನೀರು ತುಂಬಿಸಿದ ಮೇಲೆ ಸಾರ್ವಜನಿಕ ವೇಬ್ರಿಡ್ಜ್‌ಗೆ ಒಯ್ದು ಮತ್ತೊಮ್ಮೆ ತೂಗಿಸಿ. ತೂಕದ ಮಿತಿ ಮೀರಿದ ಕ್ಯಾರವಾನ್ ಅಪಘಾತಕ್ಕೀಡಾದರೆ ವಿಮೆ ಕೈಕೊಡಬಹುದು, ದಂಡವೂ ಬೀಳಬಹುದು.

ಡೀಲರ್ ಮುಂದೆ ಕೂತಾಗ ಅವಸರ ಬೇಡ. ಪಟ್ಟಿಯನ್ನು ಮನೆಗೆ ತನ್ನಿ, ಒಂದು ವಾರ ಇಟ್ಟುಕೊಳ್ಳಿ, ಪ್ರತಿ ಸಾಲಿನ ಮುಂದೆ ಡಾಲರ್ ಮತ್ತು ಕಿಲೊ ಎರಡನ್ನೂ ಬರೆಯಿರಿ. ಸ್ಥಿರತೆ ನಿಯಂತ್ರಣ, ಸಾಕಷ್ಟು ಪೇಲೋಡ್, ಗೋಡೆಯೊಳಗಿನ ವೈರಿಂಗ್, ಹೊಗೆ ಆಚೆ ತಳ್ಳುವ ರೇಂಜ್‌ಹುಡ್, ಹಿಡಿಯಲು ಗಟ್ಟಿ ಹಿಡಿಕೆ, ಇಷ್ಟು ಆದರೆ ಕುಟುಂಬದ ಕ್ಯಾರವಾನ್‌ಗೆ ಮುಖ್ಯವಾದದ್ದೆಲ್ಲ ಆದಂತೆ. ಉಳಿದದ್ದು ಬೇಕೋ ಬೇಡವೋ ಎಂಬುದನ್ನು ಮೊದಲ ಪ್ರವಾಸ ಮುಗಿಸಿ ಬಂದ ಮೇಲೆ ನಿರ್ಧರಿಸಿ.